ಮಂಗಳ ಗ್ರಹದಲ್ಲಿ ಉಸಿರು ಪುಕ್ಕಟೆ

ಸೇನಾ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದೇಶವೆಲ್ಲ ಸುತ್ತಿ ನಿವೃತ್ತರಾದ ದೇಚಮ್ಮ, ರಾಜಧಾನಿಯ ದ್ವಾರಕಾದ ಫ್ಲಾಟಿನಲ್ಲಿ ಸುಮ್ಮನೆ ಕೂರುವ ಜೀವವಲ್ಲ. ಭಾನುವಾರ ಬೆಳಿಗ್ಗೆ ಸೊಸೈಟಿಯ ಕನ್ನಡ ಮನೆಗಳ ಮಕ್ಕಳನ್ನೆಲ್ಲ ಕಲೆಹಾಕಿ ಕನ್ನಡ ಕಲಿಸುತ್ತಿದ್ದರು. ಅಕ್ಷರ ತಿದ್ದಿಸಿದರೆ ಆಕಳಿಸುತ್ತವೆಂದು ಈ ಸಲ ನಾಟಕ ಹಿಡಿದರು. ಕಥೆ ಮಕ್ಕಳದ್ದೇ: ಇನ್ನೂರು ವರ್ಷದ ಮೇಲೆ ಮಂಗಳ ಗ್ರಹದಲ್ಲೊಂದು ಊರು.

"ಅಲ್ಲಿ ದುಡ್ಡು ಅಂದರೆ ಯಾವುದು?" ದೇಚಮ್ಮ ಕೇಳಿದರು.

"ಆಕ್ಸಿಜನ್, ಆಂಟಿ!" ಎಂದಳು ಹೋಟೆಲಿನ ಸುಧಾಕರರ ಮಗಳು ನಿರೀಕ್ಷಾ. "ಕೆಲಸ ಮಾಡಿದ್ರೆ ಗಾಳಿ ಸಿಗುತ್ತೆ. ಸಿಂಪಲ್."

ಬಾಟಲಿಯ ನೀಲಿ ಮುಚ್ಚಳಗಳೇ ಗಾಳಿಯಾದವು. ಅಂಗಡಿಕಾರನಾಗಿದ್ದ ಕರಣ್ ಆಲೂಗಡ್ಡೆ ಮಾರಿ ಮಾರಿ ಎಲ್ಲರ ಮುಚ್ಚಳವನ್ನೂ ಬಾಚಿಕೊಂಡ. ಗಾಳಿ ಮುಗಿದವರು ಒಬ್ಬೊಬ್ಬರಾಗಿ ನೆಲಕ್ಕೆ ಬಿದ್ದರು. ಕರಣ್ ಸುತ್ತಲೂ ನೋಡಿದ. ಮುಖ ಪೆಚ್ಚಾಯಿತು.

"ಆಂಟಿ, ಸಬ್ ಮರ್ ಗಯೇ! ಈಗ ನನ್ನ ಆಲೂ ಯಾರು ತಗೊಳ್ತಾರೆ?"

ದೇಚಮ್ಮನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಮಕ್ಕಳನ್ನು ಎಬ್ಬಿಸಿ ಕೂರಿಸಿಕೊಂಡು ಹೇಳಿದರು: "ನಾನು ಲಡಾಖ್‌ನಲ್ಲಿದ್ದಾಗ ಹಿಮ ಬಿದ್ದು ದಾರಿಯೇ ಮುಚ್ಚಿಹೋಗಿತ್ತು. ಕೈಯಲ್ಲಿ ಸಂಬಳ ಇತ್ತು, ಅಂಗಡಿ ಇರಲಿಲ್ಲ. ನಾನು ಟೋಪಿ ಹೆಣೆದು ಕೊಟ್ಟರೆ ಅಡುಗೆಯವನು ಹಲ್ವಾ ಮಾಡಿಕೊಡ್ತಿದ್ದ. ಆದರೆ ಆಕ್ಸಿಜನ್ ಸಿಲಿಂಡರಿಗೆ ಮಾತ್ರ ಯಾರೂ ಬೆಲೆ ಕಟ್ಟಲಿಲ್ಲ. ಯಾರಿಗೆ ಉಸಿರು ಕಟ್ಟಿತೋ, ಅವರಿಗೇ ಅದು."

ಮಕ್ಕಳಲ್ಲಿ ಗುಜುಗುಜು ಶುರುವಾಯಿತು.

"ಅಚ್ಛಾ, ಗಾಳಿ ಎಲ್ಲರಿಗೂ ಫ್ರೀ," ನಿರೀಕ್ಷಾ ತೀರ್ಪು ಕೊಟ್ಟಳು. "ಆಲೂಗೆ ಮಾತ್ರ ಮುಚ್ಚಳ."

"ಲೇಕಿನ್ ಮುಚ್ಚಳಾನೂ ನಾನೇ ಕೂಡಿಟ್ಟರೆ?" ಕರಣ್ ಇನ್ನೂ ಆಸೆ ಬಿಟ್ಟಿರಲಿಲ್ಲ.

"ಹಾಲಿನ ಪ್ಯಾಕೆಟ್ ಥರ ಎಕ್ಸ್‌ಪೈರಿ ಹಾಕೋಣ! ಸಂಜೆಯೊಳಗೆ ಖರ್ಚು ಮಾಡದಿದ್ರೆ ಖತಂ," ಎಂದಳು ನಿರೀಕ್ಷಾ.

ಪ್ರದರ್ಶನದ ದಿನ ಕ್ಲಬ್‌ಹೌಸ್ ಕಿಕ್ಕಿರಿದಿತ್ತು. ಸುಧಾಕರ ತಮ್ಮ ಹೋಟೆಲಿನಿಂದ ಬುಟ್ಟಿ ತುಂಬ ಬಿಸಿ ಆಲೂ ಬೋಂಡಾ ಕಳಿಸಿದ್ದರು. ವೇದಿಕೆಯ ಮೇಲೆ ಸೂರ್ಯ ಮುಳುಗುವ ಹೊತ್ತಾಯಿತು. ಮುಚ್ಚಳಗಳೆಲ್ಲ ಹಾಳಾಗುತ್ತವೆಂದು ಗಾಬರಿಯಾದ ಅಂಗಡಿಕಾರ ಕರಣ್, ಅಷ್ಟನ್ನೂ ಕೊಟ್ಟು ಇಡೀ ಊರಿಗೇ ಆಗುವಷ್ಟು ಬೋಂಡಾ ಕೊಂಡ. ನಾಟಕ ಅಲ್ಲಿಗೆ ನಿಲ್ಲಬೇಕಿತ್ತು; ಹುಡುಗನಿಗೆ ಹುರುಪು ಬಂದು ಬುಟ್ಟಿ ಹೊತ್ತು ಪ್ರೇಕ್ಷಕರ ನಡುವೆಯೇ ಇಳಿದುಬಿಟ್ಟ.

"ತಗೊಳ್ಳಿ, ತಗೊಳ್ಳಿ! ಕತ್ತಲಾಗೋದ್ರೊಳಗೆ ನನ್ನ ಸಾಹುಕಾರಿಕೆ ಎಲ್ಲ ಮುಗೀಬೇಕು! ಅಜ್ಜಿ, ನಿಮಗೆ ಎರಡು!"

ಇದು ಬರೆದುಕೊಟ್ಟ ಮಾತಲ್ಲ. ಹಿಂದಿ ಬೆರೆಸದೆ ಒಂದು ವಾಕ್ಯವನ್ನೂ ಮುಗಿಸದ ಹುಡುಗನ ಬಾಯಲ್ಲಿ ಕನ್ನಡ ತಾನಾಗಿ ಹರಿಯುತ್ತಿತ್ತು. ಪರದೆಯ ಪಕ್ಕ ನಿಂತಿದ್ದ ದೇಚಮ್ಮನಿಗೆ ಚಪ್ಪಾಳೆ ಹೊಡೆಯುವುದೂ ಮರೆತುಹೋಯಿತು.

ಮುಂದಿನ ಭಾನುವಾರ ಬಾಗಿಲ ಗಂಟೆ ಬೇಗನೇ ಸದ್ದು ಮಾಡಿತು. ಮೇಲಿನ ಮಹಡಿಯ ಪಂಜಾಬಿ ಮನೆಯ ಅವಳಿ ಹುಡುಗಿಯರು. "ಆಂಟಿ, ಮಂಗಲ್ ಗ್ರಹ್ ವಾಲೀ ಕ್ಲಾಸ್ ಯಹೀ ಹೈ?"

"ಹೌದು, ಬನ್ನಿ ಬನ್ನಿ," ಎಂದು ದೇಚಮ್ಮ ಕನ್ನಡದಲ್ಲೇ ಹೇಳಿ, ಜಾಗ ಸಾಲದೆಂದು ಸೋಫಾವನ್ನು ಗೋಡೆಗೆ ತಳ್ಳಿದರು.