ಮುಳ್ಳಿಗೆ ಹೊಲಿದ ಕೋಟು

ಸೀರೆಯ ಮೇಲೆ, ಮೊಣಕಾಲು ಮುಟ್ಟುವ ಗಂಡಸರ ಕೋಟು. ಕಂದು ಬಣ್ಣದ ದಪ್ಪ ಉಣ್ಣೆ, ಕಾಲರಿಗೆ ಮಾತ್ರ ಮಖಮಲ್ಲು. ಅದೂ ಎಣ್ಣೆಜಿಡ್ಡು ಹಿಡಿದು ಹೊಳೆಯುತ್ತಿತ್ತು. ಒಳಗಿನ ದೊಡ್ಡ ಜೇಬಿನಿಂದ ಆಗತಾನೇ ಹುಟ್ಟಿದ ಆಡಿನ ಮರಿ ತಲೆ ಹೊರಹಾಕಿ ನೋಡುತ್ತಿತ್ತು. ನಮ್ಮ ದೊಡ್ಡಮ್ಮ ಅಂದರೆ ನನಗೆ ಮೊದಲು ನೆನಪಾಗುವುದು ಇದೇ.

ಕೋಟು ಅವಳ ಮಾವನದು. ಬ್ರಿಟಿಷರ ಕಾಲದಲ್ಲಿ ಆತ ಒಬ್ಬ ದೊರೆಯ ಕುದುರೆ ನೋಡಿಕೊಳ್ಳುತ್ತಿದ್ದನಂತೆ. ದೊರೆ ತನ್ನ ದೇಶಕ್ಕೆ ಹೊರಟಾಗ ಬೇಟೆಗೆ ಹಾಕುತ್ತಿದ್ದ ಈ ಕೋಟನ್ನು ಅವನಿಗೆ ಬಿಟ್ಟುಹೋದ. ಒಳಜೇಬು ಮೊಲ ತುಂಬಿಕೊಳ್ಳುವುದಕ್ಕೆ. ತೆಲುಗು ಸೀಮೆಯ ಗಡಿಗಿರುವ ತಿರುಮಣಿ ಕಡೆಯ ನಮ್ಮೂರಿನಲ್ಲಿ ಅದನ್ನು ಕಂಡು ನಗದವರಿರಲಿಲ್ಲ. ದೊಡ್ಡಮ್ಮ ಯಾರಿಗೂ ಸೊಪ್ಪು ಹಾಕಲಿಲ್ಲ. ಆಡುಗಳನ್ನು ತೆಲುಗಿನಲ್ಲೂ ನಮ್ಮನ್ನು ಕನ್ನಡದಲ್ಲೂ ಬೈಯುತ್ತ ದಿನಾ ಗುಡ್ಡದ ಕಡೆ ಹೋಗುತ್ತಿದ್ದಳು.

ಹೊಲಗಳಿಗೆಲ್ಲ ಸೋಲಾರ್ ಬಂದು ಬೇಲಿ ಬಿದ್ದ ಮೇಲೆ ಆಡುಗಳಿಗೆ ಉಳಿದದ್ದು ಗುಡ್ಡದ ಬುಡ ಮಾತ್ರ. ಅಲ್ಲೇ ಒಂದು ಸಂಜೆ ಕರಡಿ ಅವಳ ಮೇಲೆ ಬಿತ್ತು. ಉಗುರು ಕೋಟಿನ ತೋಳಿನಲ್ಲಿ ಸಿಕ್ಕಿಕೊಂಡಿತು. ಅಷ್ಟರಲ್ಲಿ ಅವಳ ಕೂಗಿಗೆ ಜನ ಓಡಿಬಂದರು. ತೋಳು ಹರಿಯಿತು, ಕೈ ಉಳಿಯಿತು. ಆಸ್ಪತ್ರೆಯಿಂದ ಬಂದವಳು ಮೊದಲು ಕೂತದ್ದು ಕೋಟಿಗೆ ತೇಪೆ ಹಾಕಲು. ಒಗೆಯಲು ಮಾತ್ರ ಬಿಡಲಿಲ್ಲ.

"ಆ ಕರಡಿ ಮತ್ತೆ ಬತ್ತದೆ" ಎಂದಳು. ದೊಡ್ಡಪ್ಪ, ನಿನಗೆ ತಲೆ ಕೆಟ್ಟಿದೆ ಎಂದು ಎದ್ದುಹೋದ.

ನಾನು ಮದುವೆಯಾಗಿ ಮಧುಗಿರಿಗೆ ಬಂದು ಹೊಲಿಗೆ ಅಂಗಡಿ ಇಟ್ಟವಳು. ಹೋದ ವರ್ಷ ಚಳಿಗಾಲದಲ್ಲಿ ಒಬ್ಬ ಮದುವೆಗಂಡು ಫೋನಿನಲ್ಲಿ ಫೋಟೊ ತೋರಿಸಿ, ಇಂಥದೇ ಕೋಟು ಬೇಕೆಂದ. ನೋಡಿದರೆ ಥೇಟು ದೊಡ್ಡಮ್ಮನ ಕೋಟು. ಅದೇ ಮಖಮಲ್ಲಿನ ಕಾಲರು, ತೋಳಿನ ತುದಿಗೆ, ಮುಳ್ಳಿಗೆ ಹರಿಯದಿರಲೆಂದು ಹಾಕುವ ಅದೇ ನಾಲ್ಕು ಸಾಲು ಹೊಲಿಗೆ. ಇಂಗ್ಲೆಂಡಿನಲ್ಲಿ ಪೊದೆ ನುಗ್ಗುವ ಬೇಟೆಗಾರರದಾಗಿದ್ದದ್ದು ಈಗ ಪೇಟೆಯವರ ಶೋಕಿಯಂತೆ. ಕೈಯಲ್ಲಿ ಹಿಡಿದು ನೋಡಿಯೇ ಹೊಲಿಯೋಣವೆಂದು ಊರಿಗೆ ಹೋದೆ.

ಮೊಳೆಯಿಂದ ತೆಗೆದು ಒಂದು ತೋಳು ಏರಿಸಿದ್ದೆ ಅಷ್ಟೆ. ದೊಡ್ಡಮ್ಮ ಕಿತ್ತುಕೊಂಡಳು.

"ಮುಟ್ಬ್ಯಾಡ ಬುಡು."

"ನಾನೇನು ತಿಂದಾಕ್ತೀನಾ ದೊಡ್ಡಮ್ಮ? ಈಗ ಇದೇ ಫ್ಯಾಷನ್ನು. ಹೊಲಿಗೆ ಹೆಂಗೈತೆ ಅಂತ ನೋಡ್ತಿದ್ದೆ."

"ಕಣ್ಣಾಗೆ ನೋಡು. ಮುಳ್ಳಿಗೆ ಅಂತ ಹೊಲ್ದಿರೋದು ಕಣಮ್ಮ, ಶೋಕಿಗಲ್ಲ."

ನನಗೆ ಸಿಟ್ಟು ಬಂತು. ಕೊಟ್ಟ ಹೆಣ್ಣು ಎಂದರೆ ಒಂದು ಹಳೇ ಬಟ್ಟೆಗೂ ಹೊರಗಿನವಳೇ ಎಂದು ಮೂತಿ ಊದಿಸಿಕೊಂಡೆ. ಮರುದಿನ ಬೆಳಿಗ್ಗೆ ಅವಳ ಜೊತೆ ಆಡು ಹೊಡೆದುಕೊಂಡು ಹೊರಟಾಗ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಹೆಗಲ ಮೇಲಿನ ಕಂಬಳಿ ಕೊಟ್ಟಳು. ಕೋಟು ಕೊಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ತಾನೇ ಬಾಯಿಬಿಟ್ಟಳು.

"ಇದರ ವಾಸ್ನೆ ಆ ಕರಡಿಗೆ ಗೊತ್ತು. ಬರೋದಾದ್ರೆ ನನ್ನ ತಾವ್ಕೇ ಬರ್ಲಿ, ಇನ್ನೊಬ್ಬರ ತಾವ್ಕೆ ಬ್ಯಾಡ."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಮುಂದೆ ಹೋಗುತ್ತಿದ್ದ ಆಡುಗಳು ಸೊಪ್ಪಿಗೆ ಬಾಯಿ ಹಾಕದೆ, ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ದೊಡ್ಡಮ್ಮ ಬಂಡೆಗಳ ಕಡೆ ಒಮ್ಮೆ ನೋಡಿದಳು.

"ನೀನು ಇಲ್ಲಿಂದ್ಲೇ ಮನೆಗೋಗು. ಒಲೆ ಮ್ಯಾಲೆ ನೀರಿಡು, ಬತ್ತೀನಿ."

ನೀರಿಟ್ಟೆ. ಮಧ್ಯಾಹ್ನ ಆಡುಗಳಷ್ಟೇ ಬಂದವು.

ಊರವರು ದೊಣ್ಣೆ, ತಮಟೆ ಹಿಡಿದು ಹೋಗಿ ಅವಳನ್ನು ಹೊತ್ತು ತಂದರು. ಕೋಟಿನ ಬೆನ್ನು ಚಿಂದಿಯಾಗಿತ್ತು. ತೋಳಿನ ತುದಿಯ ಆ ನಾಲ್ಕು ಸಾಲು ಮಾತ್ರ ಒಂದೆಳೆಯೂ ಬಿಚ್ಚಿರಲಿಲ್ಲ. ಸತ್ತವರ ಬಟ್ಟೆ ಅವರ ಜೊತೆಯೇ ಹೋಗಬೇಕು ಎಂದು ಹಿರಿಯರು ಹೇಳಿದರು. ದೊಡ್ಡಪ್ಪ ಕೋಟನ್ನು ಎದೆಗವುಚಿಕೊಂಡು ಕೊಡಲಿಲ್ಲ.

"ಇದ್ನ ಸುಟ್ಬುಟ್ರೆ ಅದು ಯಾರ್ನ ಹುಡಿಕ್ಕೊಂಡು ಬತ್ತದೋ" ಎಂದು ಮತ್ತೆ ಅದೇ ಮೊಳೆಗೆ ನೇತುಹಾಕಿದ.

ಕರಡಿ ಇನ್ನೂ ಸಿಕ್ಕಿಲ್ಲ. ಮದುವೆಗಂಡಿನ ಕೋಟಿಗೆ ಕತ್ತರಿ ಹಾಕಲು ನನ್ನಿಂದಾಗದೆ ಬಟ್ಟೆ ವಾಪಸು ಕೊಟ್ಟೆ. ಅವಳು ನನಗಾಗಿ ಮಾಡಿದ್ದಕ್ಕೆ ಏನು ಕೊಟ್ಟರೂ ಸಾಲದು, ಕೊಡೋಣವೆಂದರೆ ಅವಳಿಲ್ಲ.

ಮೊನ್ನೆ ತಿಥಿಗೆ ಹೋಗಿದ್ದೆವು. ಅಡುಗೆಮನೆಯಿಂದ ಈಚೆ ಬಂದರೆ ನನ್ನ ಮಗಳು ಫೋಟೊ ತೆಗೆಯಲೆಂದು ಫೋನನ್ನು ಗೋಡೆಗೆ ಒರಗಿಸಿ, ಕೋಟಿನ ತೋಳಿಗೆ ಕೈ ತೂರಿಸುತ್ತಿದ್ದಾಳೆ. ಹೊರಗೆ ಆಡುಗಳು ದೊಡ್ಡಿಯ ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ನಾನು ಕೋಟನ್ನು ಕಿತ್ತುಕೊಂಡೆ.

"ಮುಟ್ಬ್ಯಾಡ ಬುಡು."

ಮಗಳು ಮೂತಿ ಊದಿಸಿಕೊಂಡು ಹೋದಳು. ನಾನೂ ಹೀಗೇ ಹೋಗಿದ್ದೆ.