ಏರಿ ಎಂದರೆ ನೀರು

…ಅಥವಾ ನಾನು ಬೇಡಿಕೊಂಡದ್ದು ಆಮೇಲೋ ಏನೋ. ನಡೆದದ್ದನ್ನು ಹೇಳಿ ಹೇಳಿ, ಪ್ರಾರ್ಥನೆಯನ್ನು ನಾನೇ ಅದಕ್ಕಿಂತ ಮುಂಚೆ ತಂದಿಟ್ಟಿರಬಹುದು ಎಂಬ ಅನುಮಾನ ಇವತ್ತಿಗೂ ಹೋಗಿಲ್ಲ. ಆ ಅನುಮಾನದ ಸಮೇತವೇ ಭಕ್ತಬಂಧುಗಳ ಮುಂದೆ ಇದನ್ನು ಇಡುತ್ತಿದ್ದೇನೆ.

ಪೊಂಗಲ್ ರಜೆ ಮುಗಿದ ವಾರ. ನಾನು ಮೈಲಾಪೂರಿನ ಒಂದು ಶಾಲೆಯಲ್ಲಿ ಟೀಚರ್. ನಾಲ್ಕನೇ ತರಗತಿಯ ಮಕ್ಕಳನ್ನು ಬಸ್ಸಿನಲ್ಲಿ ಊರಾಚೆಯ ಪಕ್ಷಿಧಾಮಕ್ಕೆ ಕರೆದೊಯ್ದಿದ್ದೆವು, ನಾನು ಮತ್ತು ಮಾಲತಿ ಟೀಚರ್. ದೊಡ್ಡ ಕೆರೆ, ನೀರೊಳಗೇ ನಿಂತ ಮರಗಳು, ಮರದ ತುಂಬ ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿಗಳು. ಮಾಲತಿ ಮಕ್ಕಳನ್ನು ಕೆರೆಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದ್ದಳು. ನಾನು ಇಬ್ಬರು ಹುಡುಗಿಯರನ್ನು ಗೇಟಿನ ಹತ್ತಿರದ ಶೌಚಾಲಯಕ್ಕೆ ಕರೆದೊಯ್ದಿದ್ದೆ. ಒಬ್ಬಳು ಅಲ್ಲೇ ವಾಂತಿ ಮಾಡಿಕೊಂಡಳು. ಇನ್ನೊಬ್ಬಳು ಚಾರು. ಅವಳ ಅಪ್ಪ ರೈಲ್ವೆಯಲ್ಲಿದ್ದಾರೆ, ಮನೆಮಾತು ಕನ್ನಡ. ತರಗತಿಯಲ್ಲಿ ನಾನು ಕನ್ನಡದಲ್ಲಿ ಮಾತಾಡಿಸುವುದು ಅವಳೊಬ್ಬಳನ್ನೇ. ಅವಳು ಉತ್ತರ ಕೊಡುವುದು ತಮಿಳಿನಲ್ಲಿ.

"ಚಾರು, ನೀನು ಏರಿಗೆ ಹೋಗಿ ನಿಂತ್ಕೋ ಪುಟ್ಟಾ. ಇವಳ ಮುಖ ತೊಳೆಸ್ಕೊಂಡು ಬಂದೆ."

"ಸರಿ ಮಿಸ್," ಎಂದು ಓಡಿದಳು.

ಕಟ್ಟೆ ಹತ್ತಿ ನೋಡಿದರೆ ಚಾರು ಇಲ್ಲ.

"ಚಾರು ಉಂಗ ಕೂಡತ್ತಾನೇ ಇರುಂದಾ, ಅಕ್ಕಾ?" ನಿಮ್ಮ ಜೊತೆಗೇ ಇದ್ದಳಲ್ಲ, ಎಂದಳು ಮಾಲತಿ.

ಸಾಲಿನಲ್ಲಿದ್ದ ಒಬ್ಬ, "ಮಿಸ್, ಅವ ಪೆಲಿಕನ್ ಕೂಡ ಪರಂದು ಪೋಯಿಟ್ಟಾ!" ಎಂದ. ಹಕ್ಕಿ ಜೊತೆ ಹಾರಿಹೋದಳಂತೆ. ಎಲ್ಲರೂ ನಕ್ಕರು. ನನ್ನ ಮುಖ ನೋಡಿ ನಗು ನಿಂತಿತು. ಅಥವಾ ನಿಲ್ಲಲಿಲ್ಲ, ನನಗೆ ಕೇಳಿಸುವುದು ನಿಂತಿತು.

ಬಸ್ಸಿಗೆ ಓಡಿದೆ, ಶೌಚಾಲಯಕ್ಕೆ ಓಡಿದೆ, ಮತ್ತೆ ಕಟ್ಟೆಗೆ. ಅವಳ ಅಮ್ಮನಿಗೆ ಫೋನಿನಲ್ಲಿ ಹೇಳಬೇಕಾದ ಮೊದಲ ವಾಕ್ಯ ತಾನಾಗಿ ಬಾಯಿಗೆ ಬರುತ್ತಿತ್ತು. ಆಗಲೇ ಇರಬೇಕು, ಕಣ್ಣು ಮುಚ್ಚಿದೆ. ನಮ್ಮ ಮನೆದೇವರು ನರಸಿಂಹ. ಸ್ತೋತ್ರದ ಒಂದು ಸಾಲೂ ನೆನಪಾಗಲಿಲ್ಲ. "ನರಸಿಂಹಾ, ಎಲ್ಲಿದ್ದರೆ ಅಲ್ಲೇ ನಿಲ್ಲಿಸಪ್ಪಾ ಅವಳನ್ನ" ಎಂದಷ್ಟೇ ಅಂದುಕೊಂಡೆ.

"ಅವಳಿಗೆ ನೀವು ಏನು ಹೇಳಿ ಕಳಿಸಿದಿರಿ?" ಎಂದು ಮಾಲತಿ ತೋಳು ಹಿಡಿದು ಕೇಳಿದಳು.

"ಏರಿಗೆ ಹೋಗು ಅಂದೆ."

"ಏರಿಕ್ಕಾ? ಅಯ್ಯೋ ಅಕ್ಕಾ, ಏರಿನ್ನಾ ತಣ್ಣಿ!"

ಏರಿ ಎಂದರೆ ನೀರು. ನಮ್ಮದು ಕೋಲಾರದ ಕಡೆಯ ಕನ್ನಡ, ಕೆರೆಯ ಕಟ್ಟೆಗೆ ಏರಿ ಅನ್ನುತ್ತೇವೆ. ತಮಿಳಿನಲ್ಲಿ ಕೆರೆಯೇ ಏರಿ. ಮದ್ರಾಸಿನಲ್ಲೇ ಹುಟ್ಟಿದ ನನಗೆ ಎರಡೂ ಗೊತ್ತು. ಚಾರುವಿಗೆ ಗೊತ್ತಿದ್ದದ್ದು ತಮಿಳಿನ ಅರ್ಥ ಒಂದೇ.

ಕಟ್ಟೆ ಬಳಸಿ, ದನ ಇಳಿಯುವ ದಾರಿಯಲ್ಲಿ ಓಡಿದೆವು. ಜೊಂಡಿನ ಆಚೆ ಚಾರು ನಿಂತಿದ್ದಳು. ಶೂ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು, ಕಣಕಾಲು ಕೆಸರಿನಲ್ಲಿತ್ತು. ಮುಂದೆ ಹುಲ್ಲುಹಾಸಿನ ಹಾಗೆ ಹಸಿರು. ಅದು ನೀರಿನ ಮೇಲಿನ ಪಾಚಿ. ಮಣ್ಣು ತೆಗೆದ ಗುಂಡಿ ಅದರ ಕೆಳಗೆ. ಆಮೇಲೆ ಕೋಲು ಹಾಕಿ ನೋಡಿದರೆ ತಳ ಸಿಗಲಿಲ್ಲ.

ಎಳೆದು ತಬ್ಬಿಕೊಂಡೆ. ಅವಳಿಗೆ ಬೇಸರ. "ನಿಲ್ಲುನ್ನು ಸೊನ್ನೀಂಗ, ನಿನ್ನೇನ್" ಎಂದಳು. ನಿಲ್ಲು ಅಂದಿರಿ, ನಿಂತೆ.

"ಯಾರು ಅಂದದ್ದು?"

"ನೀಂಗತಾನ್ ಮಿಸ್!"

ನಾನೇ ಅಂದದ್ದಂತೆ, ನನ್ನದೇ ದನಿಯಂತೆ. ಹಿಂದಿನಿಂದ ಕೇಳಿಸಿತಂತೆ. ತಿರುಗಿ ನೋಡಿದರೆ ಯಾರೂ ಇರಲಿಲ್ಲವಂತೆ, ಆದರೂ ಮಿಸ್ ಹೇಳಿದರಲ್ಲ ಎಂದು ನಿಂತೇ ಇದ್ದಳಂತೆ. ಮಾಲತಿ ಆಣೆಯಿಟ್ಟು ಹೇಳುತ್ತಾಳೆ, ಕಟ್ಟೆಯ ಮೇಲೆ ನಾನು ತುಟಿ ಸಹ ಅಲ್ಲಾಡಿಸಿರಲಿಲ್ಲವೆಂದು. ನಿಲ್ಲು ಎಂಬ ಮಾತಿಗೆ ಕನ್ನಡದಲ್ಲೂ ತಮಿಳಿನಲ್ಲೂ ಒಂದೇ ಅರ್ಥ. ತಪ್ಪು ತಿಳಿಯಲು ದಾರಿಯೇ ಇಲ್ಲದ ಮಾತು.

ಆ ಶನಿವಾರ ದೇವರ ಮುಂದೆ ಪಾನಕ ಇಟ್ಟೆ. ಈಗ ಎಲ್ಲಿಗೆ ಕರೆದೊಯ್ದರೂ ಮಕ್ಕಳನ್ನು ಜೋಡಿಯಾಗಿ ಬಿಡುತ್ತೇವೆ, ನಿಲ್ಲುವ ಜಾಗವನ್ನು ಕೈತೋರಿಸಿಯೇ ಹೇಳುತ್ತೇವೆ. ನನ್ನ ನಂಬಿಕೆ ಮೊದಲಿಗಿಂತ ಗಟ್ಟಿಯಾಗಿದೆ, ನನ್ನ ನೆನಪಿನ ಮೇಲಲ್ಲ, ಆ ನರಸಿಂಹನ ಮೇಲೆ. ಚಾರು ನಿಂತದ್ದು ನಿಜ. ನಾನು ಕೂಗಿದೆನೋ ಇಲ್ಲವೋ, ನನಗೆ ಗೊತ್ತಿಲ್ಲ.