ತಗಡಿನ ನಿಜಗುಣಪ್ಪ
ಬೈಲಹೊಂಗಲದಲ್ಲಿ ಯಾರ ಮನೆಯ ಆಸ್ಬೆಸ್ಟಾಸ್ ತಗಡು ಒಡೆದರೂ ಬದಲಿಸಲು ನಿಜಗುಣಪ್ಪನೇ ಬರಬೇಕು. ಬಂದವನು ಮೊದಲು ನೆಲ ನೋಡುತ್ತಾನೆ. “ಕಸಬರಿಗಿ ಮುಟ್ಟಬ್ಯಾಡ್ರಿ ಯವ್ವಾ, ಧೂಳ ಏಳತೈತಿ. ಎಲ್ಲಾರೂ ಹೊರಗ ನಡೀರಿ,” ಎಂದು ಆ ಮನೆಯ ಸೊಸೆಯನ್ನು, ತೊಟ್ಟಿಲ ಸಮೇತ ಕೂಸನ್ನು, ಒಮ್ಮೆ ಎಮ್ಮೆಯನ್ನೂ ಹೊರಗೆ ಕಳಿಸಿದ್ದಾನೆ. ಆಮೇಲೆ ಚೂರುಗಳಿಗೆ ನೀರು ಚಿಮುಕಿಸಿ, ಹಸಿ ಅರಿವೆಯಿಂದ ನೆಲ ಒರೆಸಿ, ಎಲ್ಲವನ್ನೂ ತೊಯ್ದ ಚೀಲದಲ್ಲಿ ಕಟ್ಟಿ ಊರ ಹೊರಗೆ ಆಳವಾಗಿ ಹೂಳುತ್ತಾನೆ. “ಏನ್ ಮಡಿಪಾ ನಿಂದು,” ಎಂದು ಜನ ನಗುತ್ತಾರೆ. ಅವನು ನಗುವುದಿಲ್ಲ. ಮುಂಬಯಿಯಲ್ಲಿ ಇದೇ ಆಸ್ಬೆಸ್ಟಾಸ್ ತಗಡಿನ ಕಾರ್ಖಾನೆಯಲ್ಲಿ ಅವನು ದುಡಿದ ಹನ್ನೆರಡು ವರ್ಷವೂ ಅವನ ಧೂಳು ಹಿಡಿದ ಅಂಗಿ ಝಾಡಿಸಿ ಒಗೆದವಳು ಹೆಂಡತಿ ತಂಗೆವ್ವ. ಆ ಧೂಳು ಆಕೆಯ ಎದೆ ಸೇರಿತು. ಕಾರ್ಖಾನೆಯೊಳಗೆ ಒಂದು ದಿನವೂ ಕಾಲಿಡದ ಆಕೆ ಈಗ ಮಲಗಿದರೆ ಉಸಿರು ಸಿಗದೆ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ.